1970ರ ಶೆವೆಲ್ ವ್ಯಾಗನ್, ನೆಲದಲ್ಲಿ ನಾಲ್ಕು ಗೇರ್: ತಗೊಳ್ಳಲಾ, ಬೇಡವಾ?

ವ್ಯಾಗನ್_ಹುಚ್ಚ, ಮಿಶಿಗನ್

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಿಂದ ಎರಡು ಗಂಟೆ ದಾರಿಯಲ್ಲಿ ಒಂದು ಗಾಡಿ ಮಾರಾಟಕ್ಕಿದೆ. 1970ರ ಶೆವರ್ಲೆ ಶೆವೆಲ್ ಕಾಂಕೂರ್ಸ್, ಸ್ಟೇಷನ್ ವ್ಯಾಗನ್, ಅಂದ್ರೆ ಡಿಕ್ಕಿಯ ಮೇಲೂ ಚಾವಣಿ ಇರುವ ಉದ್ದ ಗಾಡಿ. ಬಿಗ್ ಬ್ಲಾಕ್ ವಿ8 (ಶೆವರ್ಲೆಯ ದೊಡ್ಡ ಗಾತ್ರದ ಎಂಟು ಸಿಲಿಂಡರ್ ಎಂಜಿನ್, ಚಿಕ್ಕದಕ್ಕೆ ಸ್ಮಾಲ್ ಬ್ಲಾಕ್ ಅಂತಾರೆ), ನೆಲದಿಂದ ಎದ್ದ ಗೇರ್ ಲಿವರ್, ಮೂರು ಪೆಡಲ್. ಕಂಪನಿಯಿಂದಲೇ ಹೀಗೆ ಬಂದಿದ್ದು ಅಂತ ಮಾರುವ ಅಜ್ಜ ಹೇಳುತ್ತಾರೆ. ಕಾಗದಪತ್ರ ಏನೂ ಇಲ್ಲ. ಎಂಜಿನ್ ಸ್ಟಾರ್ಟ್ ಆಗಲ್ಲ, ಕಾರ್ಬುರೇಟರ್ ಕಾಣೆ, ಮುಂದಿನ ನೆಲದಲ್ಲಿ ತೂತಿನ ಮೂಲಕ ಹುಲ್ಲು ಕಾಣುತ್ತೆ. ಹಿಂದಿನ ಚಕ್ರದ ಹಿಂಭಾಗದ ತಗಡೂ ಕೆಳಗಡೆ ತಿಂದುಹೋಗಿದೆ. ಆದರೆ ಹಿಂದಿನ ಗಾಜು ಒಂದೂ ಒಡೆದಿಲ್ಲ, ಟೈಲ್‌ಗೇಟ್ ಅನ್ನೋ ಹಿಂಬಾಗಿಲು ಗಟ್ಟಿಯಾಗಿದೆ, ಕ್ರೋಮ್ ಪಟ್ಟಿಗಳೆಲ್ಲ ಜಾಗದಲ್ಲಿವೆ.

ಇನ್ನೊಂದು ಒಹಾಯೋದಲ್ಲಿದೆ. ಅದೂ 1970, ಅದೂ ಶೆವೆಲ್ ವ್ಯಾಗನ್. ಮಿರಮಿರ ಮಿಂಚುವ ಬಣ್ಣ, ಬಾನೆಟ್ ಮೇಲೆ ಎರಡು ಪಟ್ಟೆ, ಗ್ರಿಲ್‌ನಲ್ಲಿ ಎಸ್‌ಎಸ್ (ಸೂಪರ್ ಸ್ಪೋರ್ಟ್, ಶೆವರ್ಲೆಯ ಜೋರು ಗಾಡಿಗಳ ಗುರುತು) ಬ್ಯಾಡ್ಜ್. ಆಟೊಮ್ಯಾಟಿಕ್ ತೆಗೆದು ನಾಲ್ಕು ಗೇರ್ ಹಾಕಿದ್ದಾರಂತೆ, ಅದನ್ನು ಅವರೇ ಹೇಳಿಕೊಳ್ಳುತ್ತಾರೆ. ಓಡಿಸಿಕೊಂಡೇ ಮನೆಗೆ ಬರಬಹುದು. ಬೆಲೆ ಮೊದಲನೆಯದರ ಮೂರು ಪಟ್ಟು.

ಮನೆಯವಳದು ಎರಡನೆಯದಕ್ಕೆ ವೋಟು. ಮೊದಲನೆಯದನ್ನು ತಂದರೆ ಗ್ಯಾರೇಜಿನಲ್ಲೇ ಹಾಸಿಗೆ ಹಾಸಿಕೊಡುತ್ತಾಳಂತೆ. ನೀವೇನಂತೀರಿ?

ತುಕ್ಕು_ತಿಮ್ಮ, ಪೆನ್ಸಿಲ್ವೇನಿಯಾ

ಮೊದಲನೆಯದು. ಹಾಸಿಗೆ ಸಮೇತ.

ನೋಡಿ, ವ್ಯಾಗನ್ ಅಂದ್ರೆ ಎರಡು ಗಾಡಿ ಅಂತ ಲೆಕ್ಕ ಹಾಕಿ. ಸ್ಟೀರಿಂಗಿನಿಂದ ಮುಂದಕ್ಕೆ ಅದು ಮಾಮೂಲಿ ಶೆವೆಲ್. ಬಾನೆಟ್, ಮಡ್‌ಗಾರ್ಡ್, ಗ್ರಿಲ್, ಮುಂದಿನ ಬಂಪರ್, ಡ್ಯಾಶ್‌ಬೋರ್ಡ್, ಕಾಲಿಡುವ ಜಾಗದ ತಗಡು, ಎಲ್ಲಾ ಹೊಸದು ಸಿಗುತ್ತೆ. ಎರಡು ಬಾಗಿಲಿನ ಶೆವೆಲ್ ಹಿಂದೆ ಬಿದ್ದವರು ಇಲ್ಲಿ ಲಕ್ಷಾಂತರ, ಅವರ ಪುಣ್ಯದಿಂದ ಕ್ಯಾಟಲಾಗ್ ತುಂಬಾ ಪಾರ್ಟ್ಸ್. ಡ್ರೈವರ್ ಸೀಟಿನಿಂದ ಹಿಂದಕ್ಕೆ ಬನ್ನಿ, ಕಥೆಯೇ ಬೇರೆ. ಪಕ್ಕದ ಉದ್ದ ಗಾಜು, ಟೈಲ್‌ಗೇಟ್, ಅದರೊಳಗಿನ ಗಾಜು ಇಳಿಸುವ ರೆಗ್ಯುಲೇಟರ್, ಕೀಲು, ಚಾವಣಿ ಅಂಚಿನ ಪಟ್ಟಿ, ಸಾಮಾನಿಡುವ ಜಾಗದ ಒಳಪ್ಯಾನೆಲ್. ಇವು ಬೇಕು ಅಂದ್ರೆ ಇನ್ನೊಂದು ವ್ಯಾಗನ್ ಬಿಚ್ಚಬೇಕು, ಬೇರೆ ದಾರಿ ಇಲ್ಲ. ಸ್ವಲ್ಪ ಸಮಾಧಾನ ಏನಂದ್ರೆ ಎಲ್ ಕ್ಯಾಮಿನೊ ಪಿಕಪ್ಪಿನ ಹಿಂದಿನ ಬಂಪರು, ಬಂಪರಿನೊಳಗೆ ಕೂತಿರುವ ಟೈಲ್ ಲೈಟು ನಿಮ್ಮದಕ್ಕೂ ಆಗುತ್ತವೆ. ವ್ಹೀಲ್‌ಬೇಸ್, ಅಂದ್ರೆ ಮುಂದಿನ ಹಿಂದಿನ ಚಕ್ರದ ನಡುವಿನ ದೂರ ಕೂಡ ಎರಡಕ್ಕೂ 116 ಇಂಚು, ಎರಡು ಬಾಗಿಲಿನ ಕೂಪೆಗೆ 112.

ಬಿಚ್ಚೋಣ ಅಂದ್ರೆ ವ್ಯಾಗನ್‌ಗಳು ಉಳಿದಿದ್ದರೆ ತಾನೆ. ಮಕ್ಕಳು, ನಾಯಿ, ಸಿಮೆಂಟು ಮೂಟೆ, ಎಲ್ಲ ಹೊತ್ತು ಸವೆದವು. ಆಮೇಲೆ ಉಳಿದದ್ದನ್ನು ಡೆಮಾಲಿಶನ್ ಡರ್ಬಿ ಅನ್ನೋ ಕಾರು ಗುದ್ದಾಟದ ಪಂದ್ಯದಲ್ಲಿ ಗುದ್ದಿಸಿ ಮುಗಿಸಿದರು. ವ್ಯಾಗನ್ನಿನ ಹಿಂಭಾಗ ಉದ್ದ, ಗುದ್ದೋಕೆ ಚೆನ್ನ ಅಂತ ಆ ಜನಕ್ಕೆ ಭಾರಿ ಪ್ರೀತಿ.

ಗಾಜಿನ ವಿಷಯ ಒಂದು ಮಾತು. ಮುಂದಿನ ಗಾಜು ಎರಡು ಪದರದ್ದು, ಕತ್ತರಿಸಿ ಕೂರಿಸಬಹುದು. ಹಿಂದಿನದು, ಪಕ್ಕದ್ದು ಟೆಂಪರ್ಡ್, ಅಂದ್ರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ್ದು. ಟೆಂಪರ್ ಆದ ಗಾಜಿಗೆ ಕಟರ್ ತಾಗಿಸಿದರೆ ಪುಡಿಪುಡಿ. ಅಚ್ಚು ಮಾಡಿಸಿ ಬಗ್ಗಿಸಿ ಆಮೇಲೆ ಟೆಂಪರ್ ಮಾಡಿಸಬೇಕು, ಒಂದೇ ಗಾಜಿಗೋಸ್ಕರ ಅದನ್ನು ಯಾರು ಮಾಡಿಕೊಡ್ತಾರೆ? ನಿಮಗೆ ಎಲ್ಲಾ ಗಾಜೂ ಇದೆ ಅಂತೀರಿ. ಎಂಜಿನ್ ಇಲ್ಲದಿದ್ದರೂ ತಗೊಳ್ಳಿ ಅಂತಿದ್ದೆ.

ಲೆಕ್ಕದ_ಮೇಷ್ಟ್ರು, ನ್ಯೂಜೆರ್ಸಿ

ತಿಮ್ಮಣ್ಣ ಹೇಳಿದ್ದು ಸರಿ. ನಾನು ಒಹಾಯೋ ಗಾಡಿ ಬಗ್ಗೆ ಹೇಳ್ತೀನಿ. ಶೆವರ್ಲೆ ಎಸ್‌ಎಸ್ ವ್ಯಾಗನ್ ಮಾಡಿಯೇ ಇಲ್ಲ. 1970ರಲ್ಲಿ ಶೆವೆಲ್ ಸಾಲಿನಲ್ಲಿ ಎಸ್‌ಎಸ್ ಇದ್ದದ್ದು ಕೂಪೆಗೆ, ಕನ್ವರ್ಟಿಬಲ್‌ಗೆ, ಎಲ್ ಕ್ಯಾಮಿನೊಗೆ ಮಾತ್ರ. ವ್ಯಾಗನ್‌ಗಳ ಹೆಸರು ನೋಮ್ಯಾಡ್, ಗ್ರೀನ್‌ಬ್ರಯರ್, ಕಾಂಕೂರ್ಸ್, ಮರದ ಚಿತ್ರದ ಸ್ಟಿಕರ್ ಅಂಟಿಸಿಕೊಂಡು ಬಂದ ಕಾಂಕೂರ್ಸ್ ಎಸ್ಟೇಟ್, ಅಷ್ಟೇ. ಬ್ಯಾಡ್ಜ್ ಹಾಕಿಕೊಂಡು ಓಡಾಡೋದು ಅವರವರ ಇಷ್ಟ. ಆ ಬ್ಯಾಡ್ಜಿಗೆ ಮೂರು ಪಟ್ಟು ಕೊಡೋದು ಮಾತ್ರ ನಿಮ್ಮ ಇಷ್ಟ ಆಗಬಾರದು.

ಈಗ ಅಜ್ಜನ ಗಾಡಿ. ಚಾಸಿ ನಂಬರ್ 13636ರಿಂದ ಶುರುವಾಗಿ ಆಮೇಲೆ 0 ಇದೆಯಾ ನೋಡಿ. 1 ಅಂದ್ರೆ ಶೆವರ್ಲೆ, ನಂತರದ 36 ಶೆವೆಲ್‌ನ ಮೇಲ್ದರ್ಜೆಯಾದ ಮಾಲಿಬು ಸಾಲಿನ ವಿ8, ಇನ್ನೊಂದು 36 ಎರಡು ಸಾಲು ಸೀಟಿನ ವ್ಯಾಗನ್, 0 ಅಂದ್ರೆ 1970. ಮೂರು ಸಾಲು ಸೀಟಿದ್ದರೆ ಎರಡನೇ 36ರ ಜಾಗದಲ್ಲಿ 46 ಬರುತ್ತೆ. ಆಮೇಲಿನ ಅಕ್ಷರ ಕಾರ್ಖಾನೆ, ಬಿ ಅಂದ್ರೆ ಬಾಲ್ಟಿಮೋರ್, ಕೆ ಅಂದ್ರೆ ಕ್ಯಾನ್ಸಸ್ ಸಿಟಿ.

ಅದರಿಂದ ವಿ8 ಅಂತ ಗೊತ್ತಾಗುತ್ತೆ, ಯಾವ ವಿ8 ಅಂತ ಗೊತ್ತಾಗಲ್ಲ. ಗೇರ್‌ಬಾಕ್ಸ್ ಸುದ್ದಿಯಂತೂ ಇಲ್ಲವೇ ಇಲ್ಲ. ಬಾನೆಟ್ ಎತ್ತಿದರೆ ಎಂಜಿನ್ ಹಿಂದಿನ ಗೋಡೆ ಮೇಲೆ ಕಾಣುವ ಪುಟ್ಟ ತಗಡಿನ ಪಟ್ಟಿಯಲ್ಲಿ ಬಣ್ಣ, ಸೀಟಿನ ಬಟ್ಟೆ, ತಯಾರಾದ ವಾರ, ಇಂಥವೇ. ಸಾಕ್ಷಿ ಬೇಕಂದ್ರೆ ಎರಡು ದಾರಿ. ಒಂದು ಬಿಲ್ಡ್ ಶೀಟ್. ಕಾರ್ಖಾನೆಯಲ್ಲಿ ಜೋಡಿಸುವಾಗ ಜೊತೆಗಿದ್ದ ಹಾಳೆ, ಪೆಟ್ರೋಲ್ ಟ್ಯಾಂಕಿನ ಮೇಲೋ ಸೀಟಿನ ಸ್ಪ್ರಿಂಗ್ ಸಂದಿಯಲ್ಲೋ ಸಿಕ್ಕಿಕೊಂಡಿರುತ್ತೆ, ಇಲಿ ತಿನ್ನದಿದ್ದರೆ. ಎರಡನೆಯದು ಪ್ರೊಟೆಕ್ಟ್-ಒ-ಪ್ಲೇಟ್. ವಾರಂಟಿ ಪುಸ್ತಕಕ್ಕೆ ಅಂಟಿಸಿ ಕೊಡುತ್ತಿದ್ದ ಲೋಹದ ಚೀಟಿ, ಅದರಲ್ಲಿ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಮೂರರ ಕೋಡೂ ಒತ್ತಿರುತ್ತೆ. ಅಜ್ಜನ ಮನೆಯಲ್ಲಿ ಹಳೇ ಪುಸ್ತಕದ ಪೆಟ್ಟಿಗೆ ಇದೆಯಾ ಅಂತ ನಯವಾಗಿ ವಿಚಾರಿಸಿ.

ಮತ್ತೆ, ಪ್ರಪಂಚದಲ್ಲಿ ಇಂಥದ್ದು ಇಷ್ಟೇ ಇರೋದು ಅಂತ ಯಾರಾದರೂ ನಂಬರ್ ಹೇಳಿದರೆ ತಲೆ ಅಲ್ಲಾಡಿಸಿ ಸುಮ್ನೆ ಬನ್ನಿ. ಫೋರ್ಡ್ ಆಗಿದ್ದರೆ 1967ರಿಂದ ಈಚಿನ ಗಾಡಿಗೆ ಕಾರ್ಖಾನೆ ದಾಖಲೆಯಿಂದ ತೆಗೆದ ಮಾರ್ಟಿ ರಿಪೋರ್ಟ್ ತರಿಸಬಹುದು. ಪಾಂಟಿಯಾಕ್‌ಗೆ ಪಿಎಚ್‌ಎಸ್ ಅನ್ನೋ ದಾಖಲೆ ಸೇವೆ ಇದೆ. ಕೆನಡಾದಲ್ಲಿ ಮಾರಾಟವಾಗಿದ್ದರೆ ಶೆವರ್ಲೆಯ ಮಾತೃ ಕಂಪನಿ ಜಿಎಂನ ಕೆನಡಾದವರ ಹತ್ತಿರ ದಾಖಲೆ ಇರುತ್ತೆ. ಅಮೆರಿಕದಲ್ಲಿ ಮಾರಾಟವಾದ ಶೆವರ್ಲೆಗೆ ಆ ಭಾಗ್ಯ ಇಲ್ಲ.

ಹಳೇ_ಸ್ಪ್ಯಾನರ್, ಮೈಸೂರು

ನಾನು ಜೀವಮಾನ ಪೂರ್ತಿ ಅಂಬಾಸಿಡರ್, ಪದ್ಮಿನಿ ರಿಪೇರಿ ಮಾಡಿದವನು. ಒಂದು ಡೌಟು, ಬೇಜಾರು ಮಾಡ್ಕೋಬೇಡಿ. ಗೇರ್ ಇರೋ ಕಾರಿಗೆ ಇಷ್ಟೊಂದು ಸಂಭ್ರಮ ಯಾಕೆ? ನಮ್ಮಲ್ಲಿ ಗೇರ್ ಇಲ್ಲದ ಕಾರು ನೋಡೋಕೆ ಜನ ಸೇರುತ್ತಿದ್ದ ಕಾಲ ಇತ್ತು. ಅಂಬಾಸಿಡರ್ ಎಸ್ಟೇಟ್ ಅಂತ ಡಿಕ್ಕಿ ಉದ್ದ ಮಾಡಿದ ಗಾಡಿ ಬರ್ತಿತ್ತು, ಟಾಟಾದವರದ್ದೂ ಎಸ್ಟೇಟ್ ಬಂತು, ಯಾವುದಕ್ಕೂ ಯಾರೂ ಹೀಗೆ ಕುಣಿದದ್ದು ನಾ ಕಾಣೆ.

ಲೆಕ್ಕದ_ಮೇಷ್ಟ್ರು, ನ್ಯೂಜೆರ್ಸಿ

ಒಳ್ಳೇ ಪ್ರಶ್ನೆ ಸರ್. ಇಲ್ಲಿ ಅದು ತಲೆಕೆಳಗು. ಆ ಕಾಲದ ಶೆವೆಲ್‌ಗೆ ಹೆಚ್ಚಿಗೆ ಕಾಸು ಬಿಚ್ಚದೆ ಸಿಗುತ್ತಿದ್ದದ್ದು ನಿಮ್ಮ ಅಂಬಾಸಿಡರ್ ಥರ ಸ್ಟೀರಿಂಗ್ ಪಕ್ಕದಲ್ಲೇ ಲಿವರ್ ಇರುವ ಗೇರ್, ಮೂರು ಗೇರಿನದು. ಮನೆ ಮಂದಿಗೆ ವ್ಯಾಗನ್ ತಗೊಳ್ಳುವವರು ಹೆಚ್ಚಿಗೆ ಕೊಟ್ಟು ಆಟೊಮ್ಯಾಟಿಕ್ ಹಾಕಿಸುತ್ತಿದ್ದರು. ನೆಲದ ನಾಲ್ಕು ಗೇರಿಗೂ ಹೆಚ್ಚಿಗೆ ಕೊಡಬೇಕು, ಅದನ್ನು ತಗೊಳ್ಳುತ್ತಿದ್ದವರು ಸಿಗ್ನಲ್‌ನಲ್ಲಿ ರೇಸ್ ಬಿಡುವ ಹುಡುಗರು. ಅವರು ವ್ಯಾಗನ್ ಕಡೆ ತಿರುಗಿಯೂ ನೋಡ್ತಿರಲಿಲ್ಲ. ಹೀಗಾಗಿ ದೊಡ್ಡ ಎಂಜಿನ್, ನಾಲ್ಕು ಗೇರ್, ವ್ಯಾಗನ್, ಈ ಮೂರನ್ನೂ ಒಂದೇ ಆರ್ಡರ್ ಫಾರ್ಮಿನಲ್ಲಿ ಟಿಕ್ ಮಾಡಿದವರು ಬಹಳ ಕಮ್ಮಿ. ಮದುವೆಯಾಗಿ ಮಕ್ಕಳಾದರೂ ಚಟ ಬಿಡದ ಯಾವನೋ ಅಪ್ಪ ಅಂತ ಇಟ್ಟುಕೊಳ್ಳಿ.

ಹಳೇ_ಸ್ಪ್ಯಾನರ್, ಮೈಸೂರು

ಹಂಗನ್ನಿ. ಆ ಅಪ್ಪನಿಗೆ ಒಂದು ನಮಸ್ಕಾರ.

ನಾಲ್ಕು_ಗೇರ್, ಕ್ಯಾಲಿಫೋರ್ನಿಯಾ

ಕಾಗದ ಇಲ್ಲದಿದ್ದರೂ ಗಾಡಿಯೇ ಹೇಳುತ್ತೆ. ಟಾರ್ಚು, ತಂತಿ ಬ್ರಷ್, ಹಳೇ ಬಟ್ಟೆ ತಗೊಂಡು ಹೋಗಿ ಕೆಳಗೆ ಮಲಗಿ.

ಮೊದಲು ನೆಲ. ಶೆವೆಲ್‌ನ ನೆಲದ ತಗಡು ಎಲ್ಲಾ ಗಾಡಿಗೂ ಒಂದೇ ಥರ ಬರುತ್ತಿತ್ತು. ನಾಲ್ಕು ಗೇರ್ ಆರ್ಡರ್ ಆದ ಗಾಡಿಗೆ ನಡುವೆ ಕತ್ತರಿಸಿ, ಲಿವರಿಗೆ ಜಾಗವಾಗುವಂತೆ ಉಬ್ಬಿದ ಇನ್ನೊಂದು ತಗಡು ಕೂರಿಸಿ ಸ್ಪಾಟ್ ವೆಲ್ಡ್ ಮಾಡುತ್ತಿದ್ದರು. ಕಾರ್ಪೆಟ್ ಎತ್ತಿ ಆ ಉಬ್ಬಿನ ಅಂಚನ್ನು ಉಜ್ಜಿ. ಕಡಲೆಕಾಳು ಗಾತ್ರದ ಗುಂಡನೆ ಒತ್ತು ಸಾಲಾಗಿ ಕಂಡು, ಮೇಲೆ ಹಳೇ ಸೀಲರ್ ಒಣಗಿ ಬಿರುಕು ಬಿಟ್ಟಿದ್ದರೆ ಕಾರ್ಖಾನೆಯ ಕೆಲಸ. ರಿವೆಟ್, ಸ್ಕ್ರೂ, ಹುಳ ಹರಿದಂಥ ವೆಲ್ಡಿಂಗ್ ಗೆರೆ ಕಂಡರೆ ಯಾರೋ ಆಮೇಲೆ ಹಾಕಿದ್ದು. ಈ ಉಬ್ಬು ಹೊಸದಾಗಿಯೂ ಸಿಗುತ್ತೆ, ಆದ್ದರಿಂದ ಉಬ್ಬು ಇದೆ ಅನ್ನೋದು ಸಾಕಾಗಲ್ಲ, ಹೇಗೆ ಕೂತಿದೆ ಅನ್ನೋದು ಮುಖ್ಯ.

ಆಮೇಲೆ ಸ್ಟೀರಿಂಗ್ ಕಾಲಮ್. 1969ರಿಂದ ಜಿಎಂ ಗಾಡಿಗಳಲ್ಲಿ ಕೀ ಸ್ಟೀರಿಂಗ್ ಕಾಲಮ್ಮಿಗೆ ಬಂತು. ಗೇರ್ ಗಾಡಿಯಲ್ಲಿ ರಿವರ್ಸ್ ಹಾಕದೆ ಕೀ ಹೊರಗೆ ಬರಲ್ಲ. ಅದಕ್ಕೆ ಕಾಲಮ್ಮಿನ ಬುಡದಿಂದ ಗೇರ್‌ಬಾಕ್ಸಿನ ರಿವರ್ಸ್ ಲಿವರಿಗೆ ಒಂದು ಸಣ್ಣ ಕಂಬಿ ಹೋಗುತ್ತೆ. ಆಮೇಲೆ ಗೇರ್ ಹಾಕಿಸಿದವರು ಇದನ್ನು ಬಹುತೇಕ ಬಿಟ್ಟೇ ಬಿಡುತ್ತಾರೆ, ಯಾಕಂದ್ರೆ ಇದಿಲ್ಲದೆಯೂ ಗಾಡಿ ಓಡುತ್ತೆ. ಕಂಬಿ ಇಲ್ಲದಿದ್ದರೂ ಬುಡದಲ್ಲಿ ಅದಕ್ಕೆ ಮಾಡಿದ ಲಿವರ್ ಇದೆಯಾ ನೋಡಿ.

ಪೆಡಲ್, ರೇಡಿಯೇಟರ್ ನೋಡಿ ತೀರ್ಮಾನ ಮಾಡಬೇಡಿ. ಎರಡೂ ಅರ್ಧ ದಿನದಲ್ಲಿ ಬದಲಾಗುವ ಸಾಮಾನು.

ಕೊನೆಗೆ ಗೇರ್‌ಬಾಕ್ಸ್. ಇಂಡಿಯಾನಾದ ಮನ್ಸಿ ಊರಲ್ಲಿ ತಯಾರಾಗಿದ್ದು, ಅಲ್ಯುಮಿನಿಯಂ ಕೇಸು, ಹೆಸರೂ ಮನ್ಸಿಯೇ. ಕೇಸಿನ ಬಲಬದಿಯಲ್ಲಿ ಪಿ ಅಕ್ಷರದಿಂದ ಶುರುವಾಗುವ ತಾರೀಖಿನ ಕೋಡ್ ಇರುತ್ತೆ, ಜೊತೆಗೆ ಚಾಸಿ ನಂಬರಿನ ಕೊನೆಯ ಭಾಗವನ್ನೂ ಒತ್ತಿರುತ್ತಾರೆ. ಎರಡನ್ನೂ ಬರೆದುಕೊಂಡು ಬನ್ನಿ. ಗ್ರೀಸ್ ಗಟ್ಟಿಯಾಗಿರುತ್ತೆ, ಮೆತ್ತಗೆ ಉಜ್ಜಿ, ಗ್ರೈಂಡರ್ ಹಚ್ಚಿಬಿಟ್ಟೀರಿ.

ವ್ಯಾಗನ್_ಹುಚ್ಚ, ಮಿಶಿಗನ್

ಹೋಗಿ ಬಂದೆ. ಬೆನ್ನು ನೋವು, ಆದರೆ ಸುದ್ದಿ ಇದೆ.

ಚಾಸಿ ನಂಬರ್ ಮೇಷ್ಟ್ರು ಹೇಳಿದ ಹಾಗೇ ಇದೆ, 136360, ಆಮೇಲೆ ಬಿ. ಉಬ್ಬಿನ ಅಂಚಿನಲ್ಲಿ ಸ್ಪಾಟ್ ವೆಲ್ಡ್ ಸಾಲು ಸ್ಪಷ್ಟವಾಗಿದೆ, ಮೇಲೆ ಕಪ್ಪು ಸೀಲರ್ ಕಲ್ಲಿನಂತಾಗಿದೆ. ಕಾಲಮ್ ಬುಡದಲ್ಲಿ ಲಿವರ್ ಇದೆ, ಕಂಬಿ ಇಲ್ಲ. ಟ್ಯಾಂಕಿನ ಮೇಲೆ ಕೈ ಹಾಕಿದಾಗ ಹಾಳೆ ಸಿಕ್ಕಿತು ಅಂತ ಜೀವ ಬಾಯಿಗೆ ಬಂತು, ತೆಗೆದರೆ ಇಲಿ ಗೂಡು. ಎಂಜಿನ್ ಮುಂಭಾಗದ ಬಲಬದಿಯ ಪಟ್ಟಿಯಲ್ಲಿ ಒತ್ತಿದ ಸಂಖ್ಯೆ ಚಾಸಿ ನಂಬರಿಗೆ ಹೊಂದುತ್ತೆ.

ಗೇರ್‌ಬಾಕ್ಸ್ ಹೊಂದುತ್ತಿಲ್ಲ. ಕೋಡ್ ಪಿ1ಆರ್12ಎ. ಒತ್ತಿದ ನಂಬರ್ 11ಕೆ ಅಂತ ಶುರುವಾಗುತ್ತೆ. ಹಾಗಾದ್ರೆ ಅಜ್ಜ ಸುಳ್ಳು ಹೇಳಿದ್ರಾ?

ನಾಲ್ಕು_ಗೇರ್, ಕ್ಯಾಲಿಫೋರ್ನಿಯಾ

ಅಜ್ಜ ಸುಳ್ಳು ಹೇಳಿಲ್ಲ. ಗಾಡಿ ಹುಟ್ಟಿದ್ದು ನಾಲ್ಕು ಗೇರಿನಲ್ಲೇ, ಆ ಗೇರ್‌ಬಾಕ್ಸ್ ಮಾತ್ರ ಈಗ ಇಲ್ಲ. ಹಳೇದು ಮುರಿದಾಗ ಯಾರೋ ಗುಜರಿಯಿಂದ ಇನ್ನೊಂದು ತಂದು ಹಾಕಿದ್ದಾರೆ.

ಪಿ ಅಂದ್ರೆ ಮನ್ಸಿ, 1 ಅಂದ್ರೆ 1971ರ ಮಾಡೆಲ್, ಆರ್ ಅಂದ್ರೆ ಅಕ್ಟೋಬರ್, 12 ತಾರೀಖು, ಎ ಅಂದ್ರೆ ಎಂ20, ಮನ್ಸಿ ಗೇರ್‌ಬಾಕ್ಸಿನ ಒಂದು ನಮೂನೆ. ಅಂದ್ರೆ 1970ರ ಅಕ್ಟೋಬರಿನಲ್ಲಿ 1971ರ ಗಾಡಿಗೆ ಅಂತ ಮಾಡಿದ್ದು. 11ಕೆ ಅಂದ್ರೆ ಕ್ಯಾನ್ಸಸ್ ಸಿಟಿಯಲ್ಲಿ ತಯಾರಾದ 1971ರ ಶೆವರ್ಲೆ. ಎಲ್ಲಾ ತಾಳೆಯಾಗುತ್ತೆ.

ಎಂ20 ನಿಮ್ಮ ವ್ಯಾಗನ್ನಿಗೆ ಹೇಳಿ ಮಾಡಿಸಿದ್ದು. ಮೊದಲ ಗೇರಿನ ಅನುಪಾತ 2.52 (ಗೇರ್‌ಬಾಕ್ಸಿನಿಂದ ಒಂದು ಸುತ್ತು ಹೊರಬರೋಕೆ ಎಂಜಿನ್ 2.52 ಸುತ್ತು), ಎರಡು 1.88, ಮೂರು 1.46, ನಾಲ್ಕು ನೇರ. ಎಂ21ರ ಮೊದಲ ಗೇರ್ 2.20, ರೇಸಿಗೆ ಸರಿ, ಇಷ್ಟು ತೂಕದ ಗಾಡಿಯನ್ನು ದಿಬ್ಬದಲ್ಲಿ ಎಳೆಯೋಕೆ ಕ್ಲಚ್ ಸುಡುತ್ತೆ. ಜನ ಎಂ22 ಅಂತ ಬಾಯಿ ಬಾಯಿ ಬಿಡುತ್ತಾರೆ, ರಾಕ್ ಕ್ರಷರ್ ಅಂತ ಹೆಸರು ಬೇರೆ. ಅದರ ಅನುಪಾತವೂ ಎಂ21ರದ್ದೇ, ಹಲ್ಲಿನ ಓರೆ ಕಡಿಮೆ ಇರೋದರಿಂದ ಗಟ್ಟಿ, ಅದೇ ಕಾರಣಕ್ಕೆ ಕಿರುಚಾಟವೂ ಜಾಸ್ತಿ. ಕೋಡ್ ನಂಬದಿದ್ದರೆ ಬಿಚ್ಚಿದಾಗ ಎಂಜಿನ್ ಕಡೆಯ ಇನ್‌ಪುಟ್ ಶಾಫ್ಟ್ ನೋಡಿ, ಎಂ20ಗೆ ಎರಡು ಗೀರು ಉಂಗುರ, ಎಂ21ಗೆ ಒಂದು, ಎಂ22ಗೆ ಇಲ್ಲ.

ಈಗ ದುಡ್ಡು ಉಳಿಸುವ ಮಾತು. 1970ರ ಎಂ20ಗೆ ಇನ್‌ಪುಟ್ ಶಾಫ್ಟಿನಲ್ಲಿ 10 ಸ್ಪ್ಲೈನ್ (ಶಾಫ್ಟಿನ ಉದ್ದಕ್ಕೆ ಕೊರೆದ ಹಲ್ಲು), ಹಿಂದೆ 27. 1971ರಿಂದ ಮುಂದೆ 26, ಹಿಂದೆ 32. ನೀವು ಅಂಗಡಿಗೆ ಹೋಗಿ 1970ರ ಶೆವೆಲ್‌ಗೆ ಕ್ಲಚ್ ಪ್ಲೇಟ್ ಕೊಡಿ ಅಂದ್ರೆ 10 ಸ್ಪ್ಲೈನಿನದ್ದು ಕೊಡುತ್ತಾರೆ, ಅದು ಹೋಗಲ್ಲ. ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಯೋಕ್ (ಗೇರ್‌ಬಾಕ್ಸಿಗೆ ಸೇರುವ ತುದಿ) ಕೂಡ 32ರದ್ದೇ ಇರಬೇಕು. ಏನೇ ತಗೊಳ್ಳುವ ಮುಂಚೆ ಹಲ್ಲು ಎಣಿಸಿ.

ಬಿಚ್ಚಿದಾಗ ಇನ್ನೊಂದು ಜಾಗ ನೋಡಿ. ಕೆಳಗಿನ ಕೌಂಟರ್ ಶಾಫ್ಟಿನ ಪಿನ್ನು ಕೇಸಿನ ಮುಂಗೋಡೆಯಲ್ಲಿ ಕೂರುವ ತೂತು. ಪಿನ್ನು ಸ್ಟೀಲು, ಕೇಸು ಅಲ್ಯುಮಿನಿಯಂ, ವರ್ಷಗಟ್ಟಲೆ ಓಡಿ ತೂತು ಸಡಿಲಾಗಿ ಆಯಿಲ್ ಸೋರುತ್ತೆ. ಎಷ್ಟು ಸೀಲ್ ಬದಲಾಯಿಸಿದರೂ ನಿಲ್ಲಲ್ಲ, ಬುಷ್ ಹಾಕಿಸಬೇಕು. ಗೇರ್ ಆಯಿಲ್ ಜಿಎಲ್-4 ದರ್ಜೆಯದ್ದು ಹಾಕಿ. ಜಿಎಲ್-5ರಲ್ಲಿರುವ ಗಂಧಕದ ರಾಸಾಯನಿಕ ಹಿತ್ತಾಳೆಯ ಸಿಂಕ್ರೊ ರಿಂಗಿಗೆ ಆಗಿಬರಲ್ಲ.

ಕಾಫಿ_ಕಾರ್ಬುರೇಟರ್, ಟೆಕ್ಸಾಸ್

ನನ್ನದು ಬೇರೆ ರಾಗ. ಹೇಗೂ ಆ ಗೇರ್‌ಬಾಕ್ಸ್ ಹುಟ್ಟಿನದ್ದಲ್ಲ ಅಂತ ಗೊತ್ತಾಯ್ತು. ಹಾಗಿದ್ದ ಮೇಲೆ ಐದು ಗೇರಿನ ಹೊಸ ಟ್ರೆಮೆಕ್ ಟಿಕೆಎಕ್ಸ್ ಹಾಕಿ ಕೈ ತೊಳ್ಕೊಳ್ಳಿ. ಲೆಕ್ಕ ಕೊಡ್ತೀನಿ. ಹಿಂದಿನ ಆಕ್ಸಲ್ ಅನುಪಾತ 3.31, ಟೈರ್ ಎತ್ತರ 27 ಇಂಚು ಅಂತಿಟ್ಟುಕೊಳ್ಳಿ. ಗಂಟೆಗೆ 65 ಮೈಲಿಗೆ ಮನ್ಸಿಯ ನಾಲ್ಕನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,680 ಸುತ್ತು. ಟಿಕೆಎಕ್ಸ್‌ನ ಐದನೇ ಗೇರ್ 0.68, ಅದರಲ್ಲಿ ಅದೇ ವೇಗಕ್ಕೆ 1,820. ಆಕ್ಸಲ್ 4.10 ಆಗಿದ್ದರೆ ಮನ್ಸಿಯಲ್ಲಿ 3,300 ದಾಟುತ್ತೆ, ಪಕ್ಕದಲ್ಲಿ ಕೂತವರ ಜೊತೆ ಕೈಸನ್ನೆಯಲ್ಲೇ ಮಾತು. ವ್ಯಾಗನ್ ಅಂದ್ರೆ ಮನೆ ಮಂದಿಯನ್ನು ಕೂರಿಸಿಕೊಂಡು ದೂರ ಹೋಗೋಕೆ ಅಲ್ವಾ?

ಲೆಕ್ಕದ_ಮೇಷ್ಟ್ರು, ನ್ಯೂಜೆರ್ಸಿ

ಲೆಕ್ಕ ಸರಿ ಇದೆ, ನನ್ನ ಕೆಲಸ ನೀವೇ ಮಾಡಿದಿರಿ. ಆದರೆ 3.31 ಆಕ್ಸಲ್ಲಿಗೆ 2,680 ಸುತ್ತು ಬಿಗ್ ಬ್ಲಾಕಿಗೆ ಏನೂ ಅಲ್ಲ, ಆರಾಮಾಗಿ ಹೋಗುತ್ತೆ. ಮೊದಲು ಹಿಂದೆ ಏನಿದೆ ಅಂತ ನೋಡಲಿ.

ನಾಲ್ಕು_ಗೇರ್, ಕ್ಯಾಲಿಫೋರ್ನಿಯಾ

ಟಿಕೆಎಕ್ಸ್ ಒಳ್ಳೇ ಗೇರ್‌ಬಾಕ್ಸ್, ಅದರಲ್ಲಿ ಎರಡು ಮಾತಿಲ್ಲ. ನನ್ನ ಭಯ ಕಟರ್ ಬಗ್ಗೆ. ಐದು ಗೇರಿನ ಲಿವರ್ ಬರುವ ಜಾಗ ಬೇರೆ, ಆ ಉಬ್ಬನ್ನು ಕತ್ತರಿಸಿದರೆ ಈ ಗಾಡಿ ಕಂಪನಿಯಿಂದ ಗೇರ್ ಗಾಡಿಯಾಗಿ ಬಂತು ಅನ್ನೋದಕ್ಕೆ ಇರುವ ಸಾಕ್ಷಿ ಹೋಯ್ತು. ಬಿಲ್ಡ್ ಶೀಟನ್ನು ಇಲಿ ತಿಂದಿದೆ, ಉಳಿದಿರೋದು ಆ ಸ್ಪಾಟ್ ವೆಲ್ಡ್ ಸಾಲು. ಅದನ್ನು ಮುಟ್ಟದೆ ಕೂರುತ್ತೆ ಅಂತಾದರೆ ಏನು ಬೇಕಾದರೂ ಹಾಕಿಕೊಳ್ಳಿ, ಮನ್ಸಿಯನ್ನು ಆಯಿಲ್ ಬಟ್ಟೆಯಲ್ಲಿ ಸುತ್ತಿ ಅಟ್ಟದಲ್ಲಿಡಿ. ಮುಟ್ಟಲೇಬೇಕು ಅಂದ್ರೆ ನನ್ನ ವೋಟು ಮನ್ಸಿಗೆ.

ಕಾಫಿ_ಕಾರ್ಬುರೇಟರ್, ಟೆಕ್ಸಾಸ್

ಈ ಮಾತು ಒಪ್ಪಿದೆ. ಒಹಾಯೋ ಗಾಡಿಗಾದರೆ ಟಿಕೆಎಕ್ಸ್, ಅಜ್ಜನ ಗಾಡಿಗೆ ಮನ್ಸಿ. ರಾಜಿ.

ಅರಿಜೋನಾ_ಬಿಸಿಲು, ಫೀನಿಕ್ಸ್

ಎಂಜಿನ್ ಬಗ್ಗೆ ಯಾರೂ ಮಾತೇ ಆಡಲಿಲ್ಲ. ಅದು ಯಾವ ಬಿಗ್ ಬ್ಲಾಕ್? 1970ರಲ್ಲಿ ಶೆವರ್ಲೆಯವರು 400 ಅಂತ ಎರಡು ಎಂಜಿನ್ ಮಾರಿ ಜನರ ತಲೆ ಕೆಡಿಸಿದ್ದಾರೆ. ಟರ್ಬೊ-ಫೈರ್ 400 ಅನ್ನೋದು ಸ್ಮಾಲ್ ಬ್ಲಾಕ್, 265 ಅಶ್ವಶಕ್ತಿ. ಟರ್ಬೊ-ಜೆಟ್ 400 ಅನ್ನೋದು ಬಿಗ್ ಬ್ಲಾಕ್, ಅಳತೆ ಮಾಡಿದರೆ 402 ಘನ ಇಂಚು, 330 ಅಶ್ವಶಕ್ತಿ. ಹೆಸರಿನಲ್ಲಿ ಟರ್ಬೊ ಇದೆ ಅಂತ ಹುಡುಕಬೇಡಿ, ಎರಡರಲ್ಲೂ ಟರ್ಬೊ ಇಲ್ಲ. ಬಿಗ್ ಬ್ಲಾಕಿನ ಆರ್ಡರ್ ಕೋಡ್ ಎಲ್‌ಎಸ್3. ಈ ಕೋಡ್ ಹಾಕಿ ಪಾರ್ಟ್ಸ್ ಹುಡುಕಿದರೆ 2008ರಲ್ಲಿ ಕಾರ್ವೆಟ್‌ಗೆ ಬಂದ 6.2 ಲೀಟರಿನ ಎಲ್‌ಎಸ್3 ಸಾಮಾನೇ ಎದುರಿಗೆ ಬರುತ್ತೆ. ಹೆಸರೊಂದೇ, ಸಂಬಂಧ ಇಲ್ಲ.

ನಿಮ್ಮದು 402 ಆಗಿದ್ದರೆ ಕಂಪ್ರೆಶನ್ (ಸಿಲಿಂಡರಿನೊಳಗೆ ಪೆಟ್ರೋಲ್ ಗಾಳಿ ಎಷ್ಟು ಪಟ್ಟು ಒತ್ತಿಕೊಳ್ಳುತ್ತೆ ಅನ್ನೋದು) 10.25. 1971ರಲ್ಲಿ ಜಿಎಂ ಎಲ್ಲಾ ಎಂಜಿನ್ನಿಗೂ ಕಂಪ್ರೆಶನ್ ಇಳಿಸಿತು, ನಿಮ್ಮದು ಅದರ ಹಿಂದಿನ ವರ್ಷದ್ದು. ಪ್ರೀಮಿಯಂ ಪೆಟ್ರೋಲೇ ಹಾಕಬೇಕು. ಸೀಸ ಬೆರೆಸಿದ ಪೆಟ್ರೋಲಿನ ಕಾಲದ ವಾಲ್ವ್ ಸೀಟು ಅದು, ಹೆಡ್ ಬಿಚ್ಚಿದಾಗ ಗಟ್ಟಿ ಸೀಟ್ ಹಾಕಿಸಿ. ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಪೈಪು ಮೆತ್ತಗಾಗುತ್ತೆ, ಟ್ಯಾಂಕಿನಿಂದ ಪಂಪಿನವರೆಗೆ ಎಲ್ಲಾ ಹೊಸದು ಹಾಕಿ. ಬಿಗ್ ಬ್ಲಾಕಿಗೆ ಬೆಂಕಿ ಹತ್ತಿದರೆ ನಿಮ್ಮ ಗಾಜೆಲ್ಲ ಇದ್ದು ಏನು ಬಂತು.

ಮತ್ತೆ ಬ್ರೇಕು. ನಾಲ್ಕೂ ಡ್ರಮ್ ಇದ್ದರೆ ಮುಂದೆ ಡಿಸ್ಕ್ ಹಾಕಿಸಿ. ಆಗಲೂ ಆರ್ಡರ್ ಮಾಡಿದವರಿಗೆ ಮುಂದೆ ಡಿಸ್ಕ್ ಬರ್ತಿತ್ತು, ಹಾಗಾಗಿ ಮೂಲಕ್ಕೆ ಅಪಚಾರ ಅಂತೇನಿಲ್ಲ.

ವ್ಯಾಗನ್_ಹುಚ್ಚ, ಮಿಶಿಗನ್

402 ಅಂತಲೇ ಕಾಣುತ್ತೆ. ಹಿಂದಿನ ಆಕ್ಸಲ್ ಮುಚ್ಚಳಕ್ಕೆ 12 ಬೋಲ್ಟ್. ಅನುಪಾತ ಬಿಚ್ಚಿದ ಮೇಲೆ ಹೇಳುತ್ತೇನೆ.

ಗಾಡಿ ತಗೊಂಡೆ. ಟ್ರೈಲರ್ ಮೇಲೆ ಮನೆಗೆ ಬಂತು. ಹಾಸಿಗೆ ಇನ್ನೂ ಒಳಗೇ ಇದೆ. ಗಾಜೆಲ್ಲ ಇದೆ ಅಂತ ತಿಮ್ಮಣ್ಣನ ಬರಹ ಓದಿ ಹೇಳಿದೆ, ಕಿಟಕಿ ಚೆನ್ನಾಗಿದೆ ಅಂತ ಅವಳೂ ಒಪ್ಪಿದಳು, ಅಷ್ಟರಮಟ್ಟಿಗೆ. ಅಜ್ಜನೂ ಪುಸ್ತಕದ ಪೆಟ್ಟಿಗೆ ಹುಡುಕುತ್ತೇನೆ ಅಂದಿದ್ದಾರೆ.

ಈಗ ಎಲ್ಲಿಂದ ಶುರು ಮಾಡಲಿ? ಎಂಜಿನ್ ಕೂಗಿಸುವ ಆಸೆ.

ತುಕ್ಕು_ತಿಮ್ಮ, ಪೆನ್ಸಿಲ್ವೇನಿಯಾ

ಆಸೆ ಅದುಮಿಡಿ. ಎಂಜಿನ್ ಮೂಲೆಯಲ್ಲಿ ಕೂತಿರುತ್ತೆ, ಅದಕ್ಕೆ ಊಟ ತಿಂಡಿ ಬೇಕಾಗಿಲ್ಲ. ಎಂಜಿನ್ ಕೂಗಿಸಿ, ಆ ಸಂತೋಷದಲ್ಲಿ ಅಲಾಯ್ ಚಕ್ರ ತಗೊಂಡು, ಆಮೇಲೆ ತಗಡು ಕೆಲಸಕ್ಕೆ ದುಡ್ಡಿಲ್ಲದೆ ಮಾರಿಕೊಂಡವರ ಗಾಡಿಗಳೇ ಇಲ್ಲಿ ಜಾಸ್ತಿ.

ಈ ಗಾಡಿಯಲ್ಲಿ ಬಾಡಿ ಬೇರೆ, ಫ್ರೇಮ್ ಬೇರೆ, ಮಧ್ಯೆ ರಬ್ಬರ್ ಬುಷ್. ಮೊದಲು ಆ ಬುಷ್ ಎಲ್ಲಾ ನೋಡಿ. ಕರಗಿದ ಬುಷ್ ಮೇಲೆ ಕೂತ ಬಾಡಿ ಬಗ್ಗಿರುತ್ತೆ, ಬಗ್ಗಿದ ಬಾಡಿಗೆ ಹೊಸ ನೆಲ ವೆಲ್ಡ್ ಮಾಡಿದರೆ ಬಗ್ಗಿದ್ದೇ ಖಾಯಂ ಆಯ್ತು. ಬುಷ್ ಹಾಕಿ, ನಾಲ್ಕು ಬಾಗಿಲೂ ಹಾಕಿಯೇ ಸಂದಿ ಅಳತೆ ತಗೊಳ್ಳಿ, ಮೇಲೆ ಕೆಳಗೆ ಎರಡೂ ಕಡೆ. ಆಮೇಲೆ ಬಾಗಿಲಿನ ಚೌಕಟ್ಟಿಗೆ ಒಳಗಿನಿಂದ ಕಬ್ಬಿಣದ ಚೌಕ ಪೈಪ್ ಅಡ್ಡ ಹಾಕಿ ಬಿಗಿ ಮಾಡಿ, ಆಮೇಲೆಯೇ ನೆಲಕ್ಕೆ ಕಟರ್. ವ್ಯಾಗನ್ ಚಾವಣಿ ಉದ್ದ, ನೆಲ ತೆಗೆದ ತಕ್ಷಣ ಜೋಲುತ್ತೆ. ಜೋತಿದ್ದು ಗೊತ್ತಾಗೋದು ಕೊನೆಗೆ, ಟೈಲ್‌ಗೇಟ್ ಮುಚ್ಚದೇ ಇದ್ದಾಗ. ಎರಡೂ ಬದಿಯ ನೆಲ ಒಟ್ಟಿಗೆ ತೆಗೆಯಬೇಡಿ. ಒಂದು ಬದಿ ಮುಗಿಸಿ ಇನ್ನೊಂದು.

ಈಗ ಟೈಲ್‌ಗೇಟ್. ಇದು ಎರಡು ಥರ ತೆರೆಯುವಂಥದ್ದು, ಪಿಕಪ್ಪಿನ ಹಾಗೆ ಕೆಳಕ್ಕೂ ಬೀಳುತ್ತೆ, ಬಾಗಿಲಿನ ಹಾಗೆ ಪಕ್ಕಕ್ಕೂ ತಿರುಗುತ್ತೆ. ಆದ್ದರಿಂದ ಒಂದೇ ಗೇಟಿಗೆ ಎರಡು ಥರದ ಕೀಲು, ಎರಡು ಥರದ ಚಿಲಕ. ಬಿಚ್ಚುವ ಮೊದಲು ಕೀಲಿನ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಫೋಟೋ ತೆಗೀರಿ. ಕೀಲಿನ ಕೆಳಗೆ ತೆಳ್ಳನೆ ತಗಡಿನ ಬಿಲ್ಲೆ ಸಿಕ್ಕರೆ ಅದೂ ಲೆಕ್ಕಕ್ಕೆ ಬರುತ್ತೆ, ಎಡದ್ದು ಬಲದ್ದು ಬೇರೆ ಬೇರೆ ಡಬ್ಬಿಯಲ್ಲಿಡಿ. ಗೇಟನ್ನು ಕೆಳಕ್ಕೆ ಬೀಳಿಸುವಾಗ ಗಾಜು ಪೂರ್ತಿ ಇಳಿದಿರಬೇಕು. ನೆಂಟರು ಬಂದು ಎಳೆದಾಡದಂತೆ ಒಂದು ಚೀಟಿ ಅಂಟಿಸಿ, ತಮಾಷೆಗೆ ಹೇಳ್ತಿಲ್ಲ. ಗೇಟಿನ ತಳದಲ್ಲಿ ನೀರು ಹೋಗುವ ಸಂದಿಗಳಿರುತ್ತವೆ, ಎಲೆ ಮಣ್ಣು ತುಂಬಿ ಮುಚ್ಚಿರುತ್ತೆ. ಗಟ್ಟಿಯಾಗಿದೆ ಅಂದಿರಲ್ಲ, ತಳವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಬನ್ನಿ. ಠಣ್ ಅಂದ್ರೆ ತಗಡು, ಡಬ್ ಅಂದ್ರೆ ಪುಟ್ಟಿ.

ಬೀಡಿಂಗ್ ರಬ್ಬರಿನ ಕಥೆಯೂ ಹೀಗೇ. ಮುಂದಿನ ಗಾಜಿನದ್ದು, ಮುಂದಿನ ಬಾಗಿಲಿನದ್ದು ಸಿಗುತ್ತೆ. ಟೈಲ್‌ಗೇಟಿನದ್ದು ಸಿಗದಿದ್ದರೆ ಹಳೇದರ ತುಂಡು ಕತ್ತರಿಸಿ ಅಡ್ಡಕೊಯ್ತದ ಆಕಾರ ಕಾಗದದ ಮೇಲೆ ಬರೆದುಕೊಳ್ಳಿ, ಅದೇ ಆಕಾರದ್ದು ಮೀಟರ್ ಲೆಕ್ಕದಲ್ಲಿ ಮಾರುವವರಿದ್ದಾರೆ. ಹಳೇದನ್ನು ಎಸೆಯಬೇಡಿ. ಚಾವಣಿ ಬಟ್ಟೆ ಕೊನೆಗೆ. ಆದರೂ ಗಾಜು ಕೂರಿಸುವ ಮುಂಚೆ ಅದು ಮುಗಿದಿರಬೇಕು, ಅಂಚು ಗಾಜಿನ ರಬ್ಬರಿನ ಕೆಳಗೆ ಹೋಗುತ್ತೆ.

ಹಳೇ_ಸ್ಪ್ಯಾನರ್, ಮೈಸೂರು

ಠಣ್ ಡಬ್ ಶಾಸ್ತ್ರ ನಮ್ಮ ಟಿಂಕರಿಂಗ್‌ನವರದ್ದೂ ಅದೇ. ಒಂದು ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಹಿಡ್ಕೊಳ್ಳಿ, ಪುಟ್ಟಿ ದಪ್ಪ ಇದ್ದ ಕಡೆ ಹಿಡಿಯಲ್ಲ. ಇಷ್ಟೆಲ್ಲಾ ಓದಿದ ಮೇಲೆ ನನಗೂ ಆಸೆ ಬಂತು, ಹಿಂದಿನ ಭಾನುವಾರ ಶ್ರೀರಂಗಪಟ್ಟಣದ ಹತ್ತಿರದ ಪಯಣ ಮ್ಯೂಸಿಯಂಗೆ ಹೋಗಿ ಹಳೇ ಗಾಡಿ ನೋಡ್ಕೊಂಡು ಬಂದೆ. ಆ ಮಡ್‌ಗಾರ್ಡಿಗೂ ತಟ್ಟಿ ನೋಡೋಣ ಅನ್ನಿಸ್ತು, ಕಾವಲಿನವರು ನೋಡ್ತಿದ್ರು.

ವ್ಯಾಗನ್_ಹುಚ್ಚ, ಮಿಶಿಗನ್

ತಟ್ಟಿದೆ. ಬಲಗಡೆ ಒಂದು ಮೊಳದಷ್ಟು ಡಬ್. ಮಿಕ್ಕಿದ್ದೆಲ್ಲ ಠಣ್. ತಿಮ್ಮಣ್ಣ, ಅಷ್ಟಕ್ಕೆ ಇನ್ನೊಂದು ಟೈಲ್‌ಗೇಟ್ ಹುಡುಕಲಾ?

ತುಕ್ಕು_ತಿಮ್ಮ, ಪೆನ್ಸಿಲ್ವೇನಿಯಾ

ಬೇಡ. ತಳದ ಮಡಿಕೆ ನೇರ ಇರುತ್ತೆ, ಬಾಗು ಕಡಿಮೆ, 19 ಅಥವಾ 20 ಗೇಜ್ ತಗಡು ಬಗ್ಗಿಸಿ ತುಂಡು ಹಾಕಬಹುದು. ಒಂದೇ ಸಲ ಉದ್ದಕ್ಕೆ ವೆಲ್ಡ್ ಎಳೆಯಬೇಡಿ, ಹೊರತಗಡು ಬಿಸಿಗೆ ಸುಕ್ಕಾಗುತ್ತೆ. ಅಲ್ಲೊಂದು ಇಲ್ಲೊಂದು ಚುಕ್ಕೆ ಇಡುತ್ತಾ, ಆರಿದ ಮೇಲೆ ಮುಂದಿನದು.

ಏಪ್ರಿಲ್‌ನಲ್ಲಿ ಕಾರ್ಲೈಲ್ ಸ್ವಾಪ್ ಮೀಟ್ ಅನ್ನೋ ಹಳೇ ಪಾರ್ಟ್ಸ್ ಸಂತೆಗೆ ನಾನು ಹೋಗೇ ಹೋಗ್ತೀನಿ, ನಮ್ಮ ಮನೆಗೆ ಹತ್ತಿರ. ರೆಗ್ಯುಲೇಟರ್, ಒಳಪಟ್ಟಿ, ರಿವರ್ಸ್ ಕಂಬಿ, ಏನೇನು ಬೇಕೋ ಅಳತೆ, ಫೋಟೋ ಸಮೇತ ಪಟ್ಟಿ ಕಳಿಸಿ. ಎಡ ಬಲ ಅಂತ ಬರೆಯುವಾಗ ಡ್ರೈವರ್ ಸೀಟಿನಲ್ಲಿ ಕೂತು ನೋಡಿದ ಎಡ ಬಲ ಬರೀರಿ, ಹಿಂದೆ ನಿಂತು ನೋಡಿದ್ದಲ್ಲ.